ಲೈಟ್‌ಹೌಸಿಗೆ ಹೋದೋರು ಲೈಟೇ ನೋಡಲ್ಲ

ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣಿಲಿ ಕಾಪು ಲೈಟ್‌ಹೌಸಿನ ಫೋಟೋ ಹಾಕಿದ್ರಿ, ಚೆನ್ನಾಗೇ ಇತ್ತು, ಆದ್ರೆ ಅದೂ ಸೂರ್ಯ ಮುಳುಗೋದೇ. ನಾವೂ ಹೋದ ತಿಂಗಳು ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಉಡುಪಿ ಮೇಲೆ ಅಲ್ಲಿಗೆ ಹೋಗಿದ್ವಿ, ಅಕ್ಕನ ಮಗಳೂ ಜೊತೆಗಿದ್ಲು. 1901ರಲ್ಲಿ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ, ಕಡಲಂಚಿನ ಬಂಡೆ ಮೇಲೆ ನಿಂತಿದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಒಳಗೆ ಬಿಡೋದು. ಸುತ್ತು ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದ್ರೆ ಮೇಲಿಂದ ಯಾರಾದ್ರೂ ಇಳಿದು ಬಂದ್ರೆ ನಾವು ಗೋಡೆಗೆ ಅಂಟ್ಕೊಂಡು ನಿಲ್ಬೇಕು, ನನ್ನ ಮಂಡಿ ಅರ್ಧಕ್ಕೇ ಕೈ ಕೊಡ್ತು. ಮೇಲಿನ ಕಂಬಿ ಹಿಡಿದ್ರೆ ಅಂಗೈಯೆಲ್ಲ ಉಪ್ಪು ಉಪ್ಪು.

ಸರಿ, ಸೂರ್ಯ ಮುಳುಗಿದ. ಎಲ್ರೂ ಸೆಲ್ಫಿ ತಗೊಂಡು, ಚುರುಮುರಿ ತಿಂದು ಕಾರು ಹತ್ತಿದ್ರು. ಅಲ್ಲಾ ಸ್ವಾಮಿ, ಲೈಟ್‌ಹೌಸಿನ ಕೆಲಸ ಶುರುವಾಗೋದೇ ಆಮೇಲೆ ಅಲ್ವಾ!

ನಾವು ಉಳಿದಿದ್ದೂ ಬುದ್ಧಿವಂತಿಕೆಯಿಂದ ಅಲ್ಲ, ಹುಡುಗಿಯ ಒಂದು ಚಪ್ಪಲಿ ಮರಳಲ್ಲಿ ಎಲ್ಲೋ ಹೋಗಿತ್ತು, ಹುಡುಕ್ತಾ ಇರೋವಾಗ ಮೇಲೆ ಬೆಳಕು ಮಿಂಚೋಕೆ ಶುರುವಾಯ್ತು. ದೋಣಿ ಪಕ್ಕ ಕೂತಿದ್ದ ಅಜ್ಜರೊಬ್ರು, "ಎಣಿಸಿ ಮಾರಾಯ್ರೆ, ಒಂದೊಂದು ಊರಿನ ದೀಪಕ್ಕೆ ಒಂದೊಂದು ಲೆಕ್ಕ" ಅಂದ್ರು. ಒಂದು ದೀಪ ಮಿಂಚಿದ ಹಾಗೆ ಅಕ್ಕಪಕ್ಕದ್ದು ಮಿಂಚಲ್ಲ, ಎಷ್ಟು ಸಲ ಮಿಂಚ್ತು, ನಡುವೆ ಎಷ್ಟು ಸೆಕೆಂಡ್ ಕತ್ತಲೆ ಅಂತ ಎಣಿಸಿದ್ರೆ ಬೋಟಿನವ್ರಿಗೆ ಇದು ಯಾವ ಊರು ಅಂತ ಗೊತ್ತಾಗುತ್ತೆ, ಜಿಪಿಎಸ್ ಬರೋಕೆ ಮುಂಚೆ ಅದನ್ನೇ ನಂಬಿ ಮನೆಗೆ ಬರ್ತಿದ್ವಿ ಅಂದ್ರು. ದೀಪದ ಸುತ್ತ ಗಾಜಿನ ಪಟ್ಟಿಗಳನ್ನ ಜೋಡಿಸಿರ್ತಾರೆ, ಆಕಾಶಕ್ಕೋ ನೆಲಕ್ಕೋ ಹೋಗಿ ದಂಡ ಆಗೋ ಬೆಳಕನ್ನೂ ಅವು ಬಗ್ಗಿಸಿ ಕಡಲ ಕಡೆ ಕಳಿಸ್ತವೆ. ಫ್ರಾನ್ಸಿನ ಫ್ರೆನೆಲ್ ಅನ್ನೋನು 1820ರ ದಶಕದಲ್ಲಿ ಮಾಡಿದ ಉಪಾಯ ಇದು, ಇವತ್ತಿಗೂ ನಡೀತಿದೆ.

ನನ್ನದೊಂದು ಕೋರಿಕೆ. ಪುರವಣಿಲಿ ಇನ್ನೊಂದ್ಸಲ ಬರೆಯೋವಾಗ ಫೋಟೋ ಕಮ್ಮಿ ಮಾಡಿ ಇಂಥ ಅಜ್ಜಂದಿರನ್ನ ಮಾತಾಡಿಸಿ, ಮಂಗಳೂರಿಂದ ಕಾರವಾರದವರೆಗೆ ಯಾವ ದೀಪ ಎಷ್ಟು ಸಲ ಮಿಂಚುತ್ತೆ ಅಂತ ಒಂದು ಪಟ್ಟಿ ಹಾಕಿ. ಕಾಪುವಿನದ್ದನ್ನ ನಮ್ಮ ಹುಡುಗಿ ಎಣಿಸಿದ್ದಾಳೆ, ನಾನಿಲ್ಲಿ ಬರೆಯಲ್ಲ, ಹೋದೋರು ಕತ್ತಲಾಗೋವರೆಗೂ ಕೂತು ಎಣಿಸ್ಕೊಳ್ಳಲಿ. ಚಪ್ಪಲಿ ಅಂತೂ ಸಿಗ್ಲಿಲ್ಲ.

ಒಬ್ಬ ಓದುಗ, ಶಿವಮೊಗ್ಗ