ಸೋದರಿಗೆ ಪೇಪರ್ ಓದಿ ಹೇಳು ಎಂದ ಸಂಸದ

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲಿ ನಿಮ್ಮ ಪತ್ರಿಕೆ ಓದುವವನು ನಾನು, ಕೇಳುವವನು ನನ್ನ ತಮ್ಮ. ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕೂತು ಒಂದು ಗಂಟೆ ಇದೇ ಕೆಲಸ. ಅವನಿಗೆ ಇರುಳುಗುರುಡು ಅಂತ ಶುರುವಾಗಿ 27ನೇ ವಯಸ್ಸಿಗೆ ದೃಷ್ಟಿ ಪೂರ್ತಿ ಹೋಯಿತು. ಅಂಚೆ ದಿನದ ಹೊತ್ತಿಗೆ ನೀವು ಅಂಚೆಯ ಚರಿತ್ರೆ ಬಗ್ಗೆ ಒಂದು ಲೇಖನ ಹಾಕಿದ್ದಿರಿ. ಚೆನ್ನಾಗಿತ್ತು. 1840ರ ಪೆನ್ನಿ ಅಂಚೆ, ಅದನ್ನು ತಂದ ರೋಲೆಂಡ್ ಹಿಲ್, ಎಲ್ಲಾ ಬಂತು. ಓದಿ ಮುಗಿಸಿ ಪೇಪರ್ ಮಡಚುತ್ತಿದ್ದೆ, ತಮ್ಮ ಕೇಳಿದ, 'ಅಣ್ಣಯ್ಯ, ಫಾಸೆಟ್ ಹೆಸರೇ ಬರಲಿಲ್ಲವಲ್ಲ?' ನಾನು ಅಂಚೆ ಇಲಾಖೆಯಲ್ಲಿ 34 ವರ್ಷ ದುಡಿದವನು, ಬ್ರಿಟನ್ನಿನ ಅಂಚೆಯನ್ನು ನಡೆಸಿದ, ಕಣ್ಣು ಕಾಣದ ಆ ಮನುಷ್ಯನ ಹೆಸರನ್ನು ನನಗೆ ಹೇಳಿಕೊಟ್ಟವನು ಅವನೇ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಕತ್ತರಿಸಬೇಡಿ.

ಹೆನ್ರಿ ಫಾಸೆಟ್ ಹುಟ್ಟಿದ್ದು 1833ರಲ್ಲಿ, ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ. ತಂದೆಗೆ ಜವಳಿ ವ್ಯಾಪಾರ, ಊರಲ್ಲಿ ದೊಡ್ಡ ಹೆಸರು. ಹುಡುಗ ಕೇಂಬ್ರಿಜ್‌ಗೆ ಹೋಗಿ 1856ರಲ್ಲಿ ಗಣಿತದ ಪರೀಕ್ಷೆಯಲ್ಲಿ ಏಳನೆಯವನಾಗಿ ಪಾಸಾದ. ವಕೀಲನಾಗಬೇಕು, ಅಲ್ಲಿಂದ ಪಾರ್ಲಿಮೆಂಟಿಗೆ ಹೋಗಬೇಕು ಅಂತ ಆಸೆ. 1858ರ ಸೆಪ್ಟೆಂಬರ್ 17ರಂದು ಹಾರ್ನಮ್ ಗುಡ್ಡದ ಮೇಲೆ ಅಪ್ಪ ಮಗ ಹಕ್ಕಿ ಬೇಟೆಗೆ ಹೋಗಿದ್ದರು. ಅಪ್ಪನ ಒಂದು ಕಣ್ಣಿಗೆ ಪೊರೆ ಬರುತ್ತಿತ್ತು. ಹಕ್ಕಿ ಎದ್ದಿತು, ಮಗ ಎಲ್ಲಿ ನಿಂತಿದ್ದಾನೆ ಅನ್ನುವುದು ಸರಿಯಾಗಿ ಕಾಣಲಿಲ್ಲ, ಕೋವಿ ಹಾರಿಸಿಬಿಟ್ಟರು. ಕನ್ನಡಕ ತೂರಿಕೊಂಡು ಒಂದೊಂದು ಕಣ್ಣಿಗೆ ಒಂದೊಂದು ಚರೆ. 25 ವರ್ಷದ ಹುಡುಗನಿಗೆ ಆ ಕ್ಷಣದಿಂದ ಜಗತ್ತು ಕತ್ತಲೆ.

ಅವರನ್ನು ಕೈ ಹಿಡಿದು ಮನೆಯೊಳಗೆ ಕರೆತಂದಾಗ ಮೊದಲು ಆಡಿದ ಮಾತು ಏನು ಗೊತ್ತಾ? ಸೋದರಿ ಮರಿಯಾಳನ್ನು ಕರೆದು, ಪೇಪರ್ ಓದಿ ಹೇಳುತ್ತೀಯಾ ಅಂತ ಕೇಳಿದರು. ಅತ್ತಿಲ್ಲ, ಅಪ್ಪನನ್ನು ಬೈದಿಲ್ಲ. ಬದುಕನ್ನು ಮೊದಲಿನ ಹಾಗೇ ನಡೆಸಬೇಕು ಅಂತ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಿದೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಇದನ್ನು ನಾನು ಮೊದಲ ಸಲ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ನನ್ನ ತಮ್ಮ ಕಣ್ಣಾಸ್ಪತ್ರೆಯಿಂದ ಕೊನೇ ಸಲ ಮನೆಗೆ ಬಂದ ದಿನ, ಇನ್ನು ಏನೂ ಮಾಡಲಾಗದು ಅಂತ ಡಾಕ್ಟರು ಹೇಳಿ ಕಳಿಸಿದ ದಿನ, ನಮ್ಮ ಅಮ್ಮ ಒಳಗೆ ಅಳುತ್ತಿರುವಾಗ ಅವನು ಕೈಯಾಡಿಸಿ ಹುಡುಕಿದ್ದು ಟೀಪಾಯಿ ಮೇಲಿನ ಪೇಪರನ್ನು.

ಫಾಸೆಟ್ ಹೇಳಿದ ಹಾಗೇ ಬದುಕಿದರು. ವಕೀಲಿಕೆ ಬಿಟ್ಟರು, ಪಾರ್ಲಿಮೆಂಟಿನ ಆಸೆ ಬಿಡಲಿಲ್ಲ. ಕುದುರೆ ಏರಿದರು, ಮೀನು ಹಿಡಿದರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಗೆಳೆಯರ ಜೊತೆ ಮೈಲಿಗಟ್ಟಲೆ ಸ್ಕೇಟಿಂಗ್ ಮಾಡಿದರು. 1863ರಲ್ಲಿ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆದರು. ಚುನಾವಣೆಗೆ ನಿಂತರು, ಸೋತರು, ಮತ್ತೆ ನಿಂತರು. ಕಣ್ಣು ಕಾಣದವನು ಸಭೆಯಲ್ಲಿ ಏನು ಮಾಡುತ್ತಾನೆ ಅಂತ ಕೇಳುವವರು ಆಗಲೂ ಇದ್ದರು. 1865ರಲ್ಲಿ ಬ್ರೈಟನ್‌ನ ಮತದಾರರು ಅವರನ್ನು ಗೆಲ್ಲಿಸಿದರು.

1867ರಲ್ಲಿ ಮದುವೆ. ಹೆಂಡತಿ ಮಿಲಿಸೆಂಟ್ ಗ್ಯಾರೆಟ್, ಮುಂದೆ ಬ್ರಿಟನ್ನಿನ ಹೆಂಗಸರ ಮತದ ಹಕ್ಕಿನ ಚಳವಳಿಯನ್ನು ದಶಕಗಟ್ಟಲೆ ನಡೆಸಿದ ಅದೇ ಮಿಲಿಸೆಂಟ್ ಫಾಸೆಟ್. ಆಕೆ ಗಂಡನಿಗೆ ಓದಿ ಹೇಳಿದರು, ಬರೆದುಕೊಟ್ಟರು, ಜೊತೆಗೆ ಅರ್ಥಶಾಸ್ತ್ರದ ಬಗ್ಗೆ ತಾವೇ ಪುಸ್ತಕ ಬರೆದರು. ಮಗಳು ಫಿಲಿಪಾ 1890ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನದ ಹುಡುಗನಿಗಿಂತ ಜಾಸ್ತಿ ಅಂಕ ತೆಗೆದಳು, ಹೆಣ್ಣು ಅನ್ನುವ ಕಾರಣಕ್ಕೆ ಆ ಪಟ್ಟ ಮಾತ್ರ ಸಿಗಲಿಲ್ಲ. ಆ ಸುದ್ದಿ ಕೇಳುವುದಕ್ಕೆ ಅಪ್ಪ ಇರಲಿಲ್ಲ.

ನಮಗೆ ಸಂಬಂಧಿಸಿದ ಮಾತು ಈಗ ಬಂತು. ಫಾಸೆಟ್‌ರನ್ನು ಆ ಕಾಲದಲ್ಲಿ 'ಇಂಡಿಯಾದ ಸಂಸದ' ಅಂತ ಕರೆಯುತ್ತಿದ್ದರು. ಅವರು ಭಾರತಕ್ಕೆ ಕಾಲಿಟ್ಟವರಲ್ಲ. ಲೆಕ್ಕ ಕೇಳಿದ್ದಕ್ಕೆ ಬಂದ ಹೆಸರು ಅದು. 1867ರಲ್ಲಿ ಟರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನಲ್ಲಿ ದೊಡ್ಡ ಔತಣ, ನೃತ್ಯ ಎಲ್ಲಾ ಏರ್ಪಾಡಾಯಿತು, ಅದರ ಖರ್ಚನ್ನು ಭಾರತದ ತೆರಿಗೆ ಹಣದಿಂದ ಕೊಟ್ಟರು. ನಮ್ಮ ರೈತ ಕಟ್ಟಿದ ಕಂದಾಯ, ನಮ್ಮ ಬಡವ ಉಪ್ಪಿನ ಮೇಲೆ ಕೊಟ್ಟ ಸುಂಕ, ಅದರಿಂದ ಲಂಡನ್ನಿನಲ್ಲಿ ಸುಲ್ತಾನನಿಗೆ ಔತಣ! ಇಡೀ ಸಭೆ ಸುಮ್ನೆ ಕೂತಿದ್ದಾಗ ಎದ್ದು ನಿಂತು ಇದು ನ್ಯಾಯವಾ ಅಂತ ಕೇಳಿದವರು ಫಾಸೆಟ್. ಅಬಿಸೀನಿಯಾದ (ಈಗಿನ ಇಥಿಯೋಪಿಯಾ) ಯುದ್ಧದ ಖರ್ಚನ್ನು ಭಾರತದ ತಲೆಗೆ ಕಟ್ಟಿದಾಗಲೂ ಕೇಳಿದರು. ರಾಣಿಯ ಮಗ ಭಾರತಕ್ಕೆ ಬಂದು ಇಲ್ಲಿನ ರಾಜರಿಗೆ ಕೊಟ್ಟ ಉಡುಗೊರೆಗೂ ಭಾರತದ್ದೇ ಹಣ ಅಂದಾಗಲೂ ಕೇಳಿದರು. ಭಾರತದ ಬಜೆಟ್ ಅಂದರೆ ಅಲ್ಲಿ ಅಧಿವೇಶನದ ಕೊನೆಗೆ, ಖಾಲಿ ಬೆಂಚುಗಳ ಮುಂದೆ ಬೇಗಬೇಗ ಮುಗಿಸುವ ಕೆಲಸ. ಅಂಥ ದಿನ ಕೂತು, ಬೇರೆಯವರಿಂದ ಓದಿಸಿ ತಲೆಯಲ್ಲಿಟ್ಟುಕೊಂಡ ಅಂಕಿಗಳನ್ನೆಲ್ಲ ಒಂದು ಚೀಟಿಯೂ ಇಲ್ಲದೆ ಹೇಳುತ್ತಾ ಹೋಗುತ್ತಿದ್ದರು. ಭಾರತದ ಹಣಕಾಸಿನ ತನಿಖೆಗೆ ಪಾರ್ಲಿಮೆಂಟಿನ ಸಮಿತಿ ಕೂತಾಗ ಅದರಲ್ಲೂ ದುಡಿದರು.

ಇದರ ಋಣವನ್ನು ನಮ್ಮವರು ಮರೆಯಲಿಲ್ಲ. 1874ರ ಚುನಾವಣೆಯಲ್ಲಿ ಫಾಸೆಟ್ ಬ್ರೈಟನ್‌ನಲ್ಲಿ ಸೋತರು. ಸುದ್ದಿ ಇಲ್ಲಿಗೆ ಮುಟ್ಟಿದಾಗ ಅವರ ಚುನಾವಣೆ ಖರ್ಚಿಗೆ ಅಂತ ಭಾರತದಲ್ಲಿ ಚಂದಾ ಎತ್ತಿ ಕಳಿಸಿದರು. ಅದೇ ವರ್ಷ ಅವರು ಲಂಡನ್ನಿನ ಹ್ಯಾಕ್ನಿಯಿಂದ ಗೆದ್ದು ಮತ್ತೆ ಸಭೆಗೆ ಬಂದರು. ತಾವು ಮತ ಹಾಕಲಾಗದ ಚುನಾವಣೆಗೆ, ತಾವು ನೋಡದ ಒಬ್ಬ ಮನುಷ್ಯನಿಗೆ ನಮ್ಮವರು ಕೈಯಿಂದ ಹಣ ಹಾಕಿದರು. ಕಾಂಗ್ರೆಸ್ ಹುಟ್ಟುವುದಕ್ಕೆ 11 ವರ್ಷ ಮುಂಚಿನ ಮಾತು ಇದು.

ಅವರು ಭಾರತಕ್ಕೆ ಸ್ವರಾಜ್ಯ ಕೊಡಿ ಅಂದವರಲ್ಲ, ಅದನ್ನೂ ಹೇಳಬೇಕು. ಆಳುವುದಾದರೆ ಪ್ರಾಮಾಣಿಕವಾಗಿ ಆಳಿ ಅನ್ನುವುದು ಅವರ ವಾದ. ಹೆಂಗಸರ ದುಡಿಮೆಯ ಗಂಟೆಗೆ ಕಾನೂನಿನ ಮಿತಿ ಹಾಕುವುದನ್ನೂ ವಿರೋಧಿಸಿದರು, ಅದರಿಂದ ಅವರ ಕೆಲಸವೇ ಹೋಗುತ್ತದೆ ಅಂತ ಅವರ ಲೆಕ್ಕ. ನನಗೆ ಅದು ಒಪ್ಪಿಗೆ ಇಲ್ಲ. ನನ್ನ ತಮ್ಮನಿಗೆ ಒಪ್ಪಿಗೆ. ಈ ವಿಷಯಕ್ಕೆ ನಮ್ಮಿಬ್ಬರಿಗೆ ಈಗಲೂ ಜಗಳ.

1880ರಲ್ಲಿ ಗ್ಲ್ಯಾಡ್‌ಸ್ಟನ್ ಪ್ರಧಾನಿಯಾದಾಗ ಫಾಸೆಟ್ ಪೋಸ್ಟ್‌ಮಾಸ್ಟರ್ ಜನರಲ್, ಅಂದರೆ ಅಂಚೆ ಖಾತೆಯ ಸಚಿವ ಆದರು. ಇಡೀ ಬ್ರಿಟನ್ನಿನ ಅಂಚೆ, ತಂತಿ, ಉಳಿತಾಯ ಬ್ಯಾಂಕು ಎಲ್ಲಾ ಕಣ್ಣು ಕಾಣದ ಒಬ್ಬ ಮನುಷ್ಯನ ಕೈಗೆ ಬಂತು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇದು ನನ್ನ ಅನ್ನದ ವಿಷಯ.

ಅಲ್ಲಿ ಉಳಿತಾಯ ಖಾತೆಗೆ ಕಡಿಮೆ ಅಂದರೆ ಒಂದು ಶಿಲ್ಲಿಂಗ್ (12 ಪೆನ್ನಿ) ಕಟ್ಟಬೇಕಿತ್ತು. ಮನೆಗೆಲಸದ ಹುಡುಗಿಯ ಕೈಯಲ್ಲಿ ಒಂದೇ ಸಲ ಶಿಲ್ಲಿಂಗ್ ಎಲ್ಲಿಂದ ಬರಬೇಕು? ಫಾಸೆಟ್ 12 ಚೌಕದ ಒಂದು ಚೀಟಿ ಮಾಡಿಸಿದರು. ಒಂದು ಪೆನ್ನಿ ಸಿಕ್ಕಾಗ ಒಂದು ಸ್ಟಾಂಪು ಕೊಂಡು ಒಂದು ಚೌಕಕ್ಕೆ ಅಂಟಿಸುವುದು, ಹನ್ನೆರಡೂ ತುಂಬಿದ ದಿನ ಚೀಟಿ ತಂದು ಕೌಂಟರಿನಲ್ಲಿ ಕೊಟ್ಟರೆ ಖಾತೆ ಶುರು. ಎಷ್ಟು ಸಣ್ಣ ಉಪಾಯ, ಅಲ್ವಾ? ನಾನು ಕೌಂಟರಿನಲ್ಲಿ ಕೂತಿದ್ದಾಗ ಸೆರಗಿನ ಗಂಟು ಬಿಚ್ಚಿ, ಬೆವರಿಗೆ ಒದ್ದೆಯಾದ ಹತ್ತರ ನೋಟುಗಳನ್ನು ಒಂದೊಂದೇ ಬಿಡಿಸಿ ಆರ್‌ಡಿ ಕಟ್ಟುತ್ತಿದ್ದ ಅಮ್ಮಂದಿರನ್ನು ದಿನಾ ನೋಡಿದ್ದೇನೆ. ಆ ಚೀಟಿ ಯಾರಿಗಾಗಿ ಹುಟ್ಟಿತು ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಸಣ್ಣ ಮೊತ್ತ ಕಳಿಸುವವರಿಗೆ ಮನಿಯಾರ್ಡರ್ ದುಬಾರಿ ಅಂತ 1881ರಲ್ಲಿ ಪೋಸ್ಟಲ್ ಆರ್ಡರ್ ಬಂತು, ಅಂಚೆ ಕಚೇರಿಯಲ್ಲಿ ಕೊಂಡು ಕಾಗದದ ಜೊತೆ ಕಳಿಸುವ ಹಣದ ಚೀಟಿ. ಯೋಜನೆ ಅವರ ಹಿಂದಿನವರ ಕಾಲದಲ್ಲೇ ಹುಟ್ಟಿತ್ತು, ಜಾರಿ ಮಾಡಿದವರು ಫಾಸೆಟ್. ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕುವವರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಎಷ್ಟು ಕೊಟ್ಟಿದ್ದೇನೋ ಲೆಕ್ಕವಿಲ್ಲ, ಅದರ ಮೂಲಪುರುಷ ಆ ಬ್ರಿಟಿಷ್ ಕಾಗದವೇ. 1883ರ ಆಗಸ್ಟ್ 1ರಿಂದ ಪಾರ್ಸೆಲ್ ಅಂಚೆ. ಅದಕ್ಕಾಗಿ ರೈಲ್ವೆ ಕಂಪನಿಗಳ ಜೊತೆ ಕೂತು ಚೌಕಾಸಿ ಮಾಡಿದರು, ರೈಲಿನಲ್ಲಿ ಹೋಗುವ ಪಾರ್ಸೆಲ್ಲಿನ ಅಂಚೆ ವೆಚ್ಚದಲ್ಲಿ ನೂರಕ್ಕೆ 55 ಪಾಲು ಕಂಪನಿಗಳಿಗೇ ಕೊಡಬೇಕಾಯಿತು. ಕಾಗದದ ಜೊತೆ ಗಂಟೂ ಹೊರಬೇಕಾದ್ದರಿಂದ 'ಲೆಟರ್ ಕ್ಯಾರಿಯರ್' ಅನ್ನುವ ಹೆಸರು ಹೋಗಿ 'ಪೋಸ್ಟ್‌ಮನ್' ಆದದ್ದು ಆಗಲೇ. ನಮ್ಮೂರಿನ ಮಕ್ಕಳೂ ಕೂಗುವ ಹೆಸರು.

ಇಷ್ಟೆಲ್ಲಾ ಮಾಡಿದವರನ್ನು ಸಚಿವ ಸಂಪುಟದೊಳಗೆ ಮಾತ್ರ ಸೇರಿಸಿಕೊಳ್ಳಲಿಲ್ಲ. ಸಂಪುಟದ ಗುಟ್ಟಿನ ಕಾಗದಗಳನ್ನು ಅವರಿಗೆ ಇನ್ನೊಬ್ಬರು ಓದಿ ಹೇಳಬೇಕಾಗುತ್ತದೆ, ಅದೇ ಕಾರಣ ಅಂತ ಆಗ ಜನ ಹೇಳುತ್ತಿದ್ದರು. 1884ರಲ್ಲಿ ಹೆಂಗಸರಿಗೆ ಮತದ ಹಕ್ಕಿನ ತಿದ್ದುಪಡಿ ಬಂದಾಗ ಸರ್ಕಾರ ವಿರೋಧಿಸಿತು. ಸಂಪುಟದ ಹೊರಗಿನ ಸಚಿವರಾಗಿದ್ದೂ ಫಾಸೆಟ್ ಸರ್ಕಾರದ ಪರ ಮತ ಹಾಕಲಿಲ್ಲ, ಹೊರಗೆ ಉಳಿದರು. ಅದೇ ವರ್ಷ ನವೆಂಬರ್ 6ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡರು. ಆಗ 51 ವರ್ಷ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ ಹೆಂಗಸರು ಅವರ ನೆನಪಿಗೆ ಕುಡಿಯುವ ನೀರಿನ ಕಾರಂಜಿ ಕಟ್ಟಿಸಿದ್ದಾರೆ.

ಓದಿ ಹೇಳುವವರು ಬೇಕು ಅನ್ನುವ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದು ಆಗಿನ ಕಾಲಕ್ಕೇ ಮುಗಿದಿಲ್ಲ. ಎರಡು ವರ್ಷದ ಹಿಂದೆ ನನ್ನ ತಮ್ಮ ಒಂದು ಬ್ಯಾಂಕಿಗೆ ಎಟಿಎಂ ಕಾರ್ಡ್ ಕೇಳಲು ಹೋದ. 'ಕಣ್ಣು ಕಾಣುವವರನ್ನು ಕರ್ಕೊಂಡು ಬನ್ನಿ' ಅಂದರು. ಅವನ ಪಕ್ಕದಲ್ಲೇ ನಿಂತಿದ್ದ ನನ್ನ ಮುಖ ನೋಡಿಕೊಂಡು, 'ಇವರಿಗೆ ಸಹಿ ಮಾಡೋಕೆ ಬರುತ್ತಾ' ಅಂತ ಕೇಳಿದರು. ಅವನು ಅರ್ಥಶಾಸ್ತ್ರದಲ್ಲಿ ಎಂ.ಎ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ತಮ್ಮನ ಮೊಬೈಲಿನಲ್ಲಿ ಕನ್ನಡ ಓದಿ ಹೇಳುವ ಟಾಕ್‌ಬ್ಯಾಕ್ ಇದೆ, ಕಂಪ್ಯೂಟರಿನಲ್ಲಿ ಹಾಗೇ ಪರದೆ ಓದಿ ಹೇಳುವ ಎನ್‌ವಿಡಿಎ ಇದೆ. ಫಾಸೆಟ್ ಬಗ್ಗೆ ಅವನು ಓದಿದ್ದೆಲ್ಲ ಹಾಗೇ, ಕಿವಿಯಿಂದ. ಆದರೆ ನಿಮ್ಮ ಇ-ಪೇಪರಿನ ಪುಟಗಳು ಬರೀ ಚಿತ್ರ. ಅವನು ಬೆರಳಿಟ್ಟರೆ ಫೋನು 'ಚಿತ್ರ, ಚಿತ್ರ' ಅನ್ನುತ್ತೆ, ಮುಂದೆ ಏನೂ ಇಲ್ಲ. ನನಗೀಗ 68. ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬಲಗಣ್ಣು ಮಂಜು. ಸಣ್ಣ ಅಕ್ಷರದ ಸುದ್ದಿಗಳನ್ನು ನಾನು ಹಾರಿಸಿ ಓದುತ್ತೇನೆ ಅನ್ನುವುದು ಅವನಿಗೆ ಗೊತ್ತಾಗುತ್ತೆ, ಗೊತ್ತಾದರೂ ಸುಮ್ಮನಿರುತ್ತಾನೆ. ಅದು ನನಗೆ ತಡೆಯಲಾಗುತ್ತಿಲ್ಲ. ಪುಟದ ಚಿತ್ರದ ಜೊತೆಗೆ ಸುದ್ದಿಯನ್ನು ಫೋನು ಓದಬಲ್ಲ ಯೂನಿಕೋಡ್ ಅಕ್ಷರದಲ್ಲೂ ಹಾಕಿ. ಎಲ್ಲಾ ಪುಟ ಒಟ್ಟಿಗೆ ಆಗದಿದ್ದರೆ ಸಂಪಾದಕೀಯ ಪುಟದಿಂದ ಶುರು ಮಾಡಿ, ಅವನು ದಿನಾ ಮೊದಲು ಕೇಳುವುದು ಅದನ್ನೇ.

ನಿಮ್ಮ ಓದುಗ,
ನಿವೃತ್ತ ಅಂಚೆ ನೌಕರ, ತೀರ್ಥಹಳ್ಳಿ