ತೊಗರಿಯನ್ನು ಅವಸರಪಡಿಸಬೇಡ

ಚಿ. ಮಲ್ಲಿಕಾರ್ಜುನನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಬಿತ್ತಿ 40 ದಿನವಾದರೂ ತೊಗರಿ ಮೊಣಕಾಲು ದಾಟಿಲ್ಲವೆಂದು ನೀನು ಚಿಂತೆ ಮಾಡುತ್ತಿರುವುದನ್ನೂ, ಪಕ್ಕದ ಹೊಲದವರಂತೆ ಎಕರೆಗೆ ಒಂದು ಚೀಲ ಯೂರಿಯಾ ಎರಚಲು ನಿರ್ಧರಿಸಿರುವುದನ್ನೂ ವೈನಿಯವರು ತಿಳಿಸಿದರು. ಚೀಲದ ಬಾಯಿ ಬಿಚ್ಚುವ ಮೊದಲು ಈ ಪತ್ರವನ್ನು ಓದು.

ನಮ್ಮ ಮಳೆಯಾಶ್ರಿತ ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ ಮತ್ತು 50 ಕಿಲೋ ರಂಜಕ ಸಾಕು. ಬಿತ್ತುವಾಗ ನೀನು ಎಕರೆಗೆ ಹಾಕಿದ ಒಂದು ಚೀಲ ಡಿಎಪಿ ಗೊಬ್ಬರದಲ್ಲಿ (ಅದರಲ್ಲಿ ಸಾರಜನಕ, ರಂಜಕ ಎರಡೂ ಇವೆ) ಅದು ಹೆಚ್ಚುಕಡಿಮೆ ಪೂರ್ತಿ ಸಂದಿದೆ. 45 ಕಿಲೋ ಯೂರಿಯಾ ಚೀಲದಲ್ಲಿ 20 ಕಿಲೋಗೂ ಮಿಕ್ಕಿ ಸಾರಜನಕವಿರುತ್ತದೆ, ಎಂದರೆ ಎಕರೆಗೆ ಗೊಬ್ಬರದಿಂದ ಕೊಡಬೇಕಾದ ಸುಮಾರು 10 ಕಿಲೋದ ಎರಡು ಪಟ್ಟು. ಉಳಿದ ಸಾರಜನಕವನ್ನು ತೊಗರಿ ತನ್ನ ಬೇರಿನ ಗಂಟುಗಳಲ್ಲಿರುವ ಜೀವಾಣುಗಳಿಂದ ಗಾಳಿಯೊಳಗಿಂದಲೇ ಪಡೆಯುತ್ತದೆ. ಮೇಲಿನಿಂದ ಧಾರಾಳವಾಗಿ ಸುರಿದರೆ ಆ ಗಂಟುಗಳು ಕೆಲಸ ಬಿಡುತ್ತವೆ.

ಇದನ್ನು ನಾನು ನಷ್ಟ ತಿಂದು ಕಲಿತಿದ್ದೇನೆ. ಒಂದು ವರ್ಷ ನಾನೂ ಎರಡು ಸಲ ಯೂರಿಯಾ ಹಾಕಿದೆ. ಬೆಳೆ ತಲೆ ಮೀರಿ ನಿಂತಿತು, ನೋಡಿದವರೆಲ್ಲ ಹೊಗಳಿದರು. ಆದರೆ ಗಿಡದ ಬಲವೆಲ್ಲ ಎಲೆ ಟೊಂಗೆಗೆ ಹೋಗಿ ಹೂ ತಡವಾಯಿತು, ಆ ದಟ್ಟಣೆಯೊಳಗೆ ಔಷಧಿ ತಲುಪದೆ ಕಾಯಿಕೊರಕ ಹುಳು ಮನೆ ಮಾಡಿತು. ಸಾಲದ್ದಕ್ಕೆ ನೆರೆಯವರು ರಾಶಿ ಮಾಡಿದರೆಂದು ನಾನೂ ಅರೆಹಸಿರು ಕಾಯಿಯಿದ್ದಾಗಲೇ ಕೊಯ್ಲು ಮಾಡಿಸಿದೆ. ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಡತಿ ದಲ್ಲಾಳಿಗಳು ಕೈಯಲ್ಲಿ ಹಿಡಿದು ನೋಡಿ, ಕಾಳು ಸುಕ್ಕಾಗಿದೆ, ತೇವವಿದೆ ಎಂದು ದರ ಇಳಿಸಿದಾಗ ನನಗೆ ಎದುರು ಮಾತಿರಲಿಲ್ಲ. ಅಂಥ ಕಾಳು ಗಿರಣಿಯಲ್ಲಿ ಬೇಳೆಯಾಗುವ ಬದಲು ನುಚ್ಚಾಗುತ್ತದೆ.

ಇಳುವರಿ ಬೇಡವೆಂದು ನಾನು ಹೇಳುತ್ತಿಲ್ಲ. ಸಾಲ ತೀರಿಸಬೇಕಾದ ಮನೆಯಲ್ಲಿ ಹಾಗೆ ಹೇಳುವುದು ತಪ್ಪು. ಹೆಚ್ಚಿಸುವ ದಾರಿ ಬೇರೆಯಿದೆ: 45ರಿಂದ 50 ದಿನದೊಳಗೆ ಕುಡಿ ಚಿವುಟಿಸು, ಗಿಡ ಎತ್ತರಕ್ಕೆ ಓಡುವುದನ್ನು ಬಿಟ್ಟು ಪಕ್ಕದ ಟೊಂಗೆ ಒಡೆಯುತ್ತದೆ, ಕಾಯಿ ಕಟ್ಟುವುದು ಆ ಟೊಂಗೆಗಳಲ್ಲಿಯೇ. ಹೂ ಬಿಡುವಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದವರ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಮಿಶ್ರಣ ಸಿಂಪಡಿಸು. ಸಾಲಿನ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವುದನ್ನು ತಪ್ಪಿಸಬೇಡ, ನೀರು ನಿಲ್ಲಲು ಬಿಡಬೇಡ. 2022ರಲ್ಲಿ ಗಿಡ ಬಾಡಿಸಿ ಸಾಯಿಸುವ ನೆಟೆ ರೋಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಹೊಲಗಳನ್ನು ಒಣಗಿಸಿತೆಂಬುದನ್ನು ನೀನೇ ಕಂಡಿದ್ದೀ.

ಕಾಯಿ ಪೂರ್ತಿ ಒಣಗಿದ ಮೇಲೆ ರಾಶಿ ಮಾಡು, ತೇವ ನೂರಕ್ಕೆ 12ಕ್ಕಿಂತ ಕೆಳಗಿಳಿಯುವವರೆಗೆ ಕಾಳನ್ನು ಬಿಸಿಲಿಗೆ ಹರವು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ನಮ್ಮ ಎರೆ ಭೂಮಿಯ ಬೇಳೆಯ ರುಚಿಗೆ ಸಂದ ಆ ಹೆಸರಿನಲ್ಲಿ ಅರೆಬಲಿತ ಕಾಳು ಮಾರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಬರುವ ಸೋಮವಾರ ನಾನು ಊರಿಗೆ ಬರುತ್ತೇನೆ. ಅಲ್ಲಿಯವರೆಗೆ ಯೂರಿಯಾ ಚೀಲ ಹಾಗೆಯೇ ಇರಲಿ. ಇಬ್ಬರೂ ಸೇರಿ ಒಂದು ಗಿಡವನ್ನು ಮಣ್ಣುಸಹಿತ ಅಗೆದು ಬೇರಿನ ಗಂಟು ಸೀಳಿ ನೋಡೋಣ. ಒಳಗೆ ಕೆಂಪಗಿದ್ದರೆ ಗಂಟು ಕೆಲಸ ಮಾಡುತ್ತಿದೆಯೆಂದು ತಿಳಿ, ಆ ಚೀಲವನ್ನು ಜೋಳದ ಹೊಲಕ್ಕೆ ಇಟ್ಟುಕೋ.

ನಿನ್ನ ಕಾಕಾ
ಆಳಂದ