‘ಇಷ್ಟೇನಾ ಕವಿತೆ’ ಅಂದವರಿಗೆ

ಮಾನ್ಯ ಸಂಪಾದಕರೇ,

ಪುರವಣಿಯಲ್ಲಿ ಬಂದ ಚೀನೀ ಕವಿತೆಗಳ ಅನುವಾದ ಓದಿ, ‘ಬೆಟ್ಟ ಇದೆ, ಹಕ್ಕಿ ಹಾರುತ್ತೆ, ಇಷ್ಟೇನಾ ಕವಿತೆ?’ ಅಂತ ಓದುಗರೊಬ್ಬರು ಬರೆದಿದ್ದಾರೆ. ಅವರ ಬೇಸರ ಅರ್ಥವಾಗುತ್ತದೆ. ಉಪಮೆ ಇಲ್ಲ, ಉದ್ಗಾರ ಇಲ್ಲ. ಆದರೆ ಕವಿ ಸುಮ್ನೆ ಕಂಡದ್ದನ್ನು ಬರೆದಿಟ್ಟಿದ್ದಾನೆ ಅನ್ನೋದನ್ನು ನಾನು ಒಪ್ಪುವುದಿಲ್ಲ.

ವಾಂಗ್ ವೇಯ್‌ನನ್ನೇ ತಗೊಳ್ಳಿ. 8ನೇ ಶತಮಾನದ ಕವಿ, ಚಿತ್ರಕಾರ ಕೂಡ. ಅವನ ಚಿತ್ರಗಳ ನಕಲುಗಳಷ್ಟೇ ಉಳಿದಿವೆ. ‘ಅವನ ಕವಿತೆಯಲ್ಲಿ ಚಿತ್ರವಿದೆ’ ಎಂದು 11ನೇ ಶತಮಾನದಲ್ಲಿ ಚೀನೀ ಕವಿ ಸು ಶಿ ಹೇಳಿದ್ದನ್ನು ಎಲ್ಲರೂ ಹೇಳುತ್ತಾರೆ, ಅದು ಹೇಗೆ ಅಂತ ಬಿಡಿಸಿ ತೋರಿಸುವವರು ಕಮ್ಮಿ.

ಮಳೆ ಹಿಡಿದ ದಿನಗಳಲ್ಲಿ ವಾಂಗ್‌ಚುವಾನ್ ಕಣಿವೆಯ ತನ್ನ ಮನೆಯಲ್ಲಿ ಬರೆದ ಪದ್ಯದಲ್ಲಿ ಅವನ ಎರಡು ಸಾಲುಗಳಿವೆ. ‘ಕಣ್ಣು ಹಾಯುವಷ್ಟೂ ನೀರುಗದ್ದೆ, ಬೆಳ್ಳಕ್ಕಿ ಹಾರುತ್ತವೆ, ದಟ್ಟ ನೆರಳಿನ ಬೇಸಿಗೆ ಮರ, ಹೊನ್ನಕ್ಕಿ ಉಲಿಯುತ್ತವೆ.’ ಮೊದಲ ಸಾಲನ್ನು ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ, ನಾಲೆಗೆ ನೀರು ಬಿಟ್ಟು ಗದ್ದೆ ಉಳಲು ಶುರು ಮಾಡಿದರೆ ಟಿಲ್ಲರ್ ಹಿಂದೆಯೇ ಬೆಳ್ಳಕ್ಕಿ ಹಿಂಡು ಬಂದಿರುತ್ತದೆ. ಮೂಲದಲ್ಲಿ ಸಾಲಿಗೆ ಏಳು ಅಕ್ಷರ. ಮೊದಲ ಎರಡು ಅಕ್ಷರ ಸೇರಿ ಒಂದು ಜೋಡಿ ಪದ, ಒಂದು ಸಾಲಲ್ಲಿ ‘ಮೋಮೋ’ (ಕಣ್ಣು ಹಾಯುವಷ್ಟೂ), ಇನ್ನೊಂದರಲ್ಲಿ ‘ಯಿನ್‌ಯಿನ್’ (ದಟ್ಟ ನೆರಳಿನ). ಅವನ್ನು ತೆಗೆದು ನೋಡಿ. ಗದ್ದೆ ಇದೆ, ಹಕ್ಕಿ ಇದೆ, ಆದರೆ ಅಗಲ ಇಲ್ಲ. ‘ಮೋಮೋ’ ಅಂದ ಕೂಡಲೇ ಬಯಲು ಹರಡಿಕೊಳ್ಳುತ್ತದೆ, ಬಿಳಿ ಹಕ್ಕಿ ಚಿಕ್ಕದಾಗಿ ದೂರ ಹೋಗುತ್ತದೆ. ‘ಯಿನ್‌ಯಿನ್’ ಮಬ್ಬು ಕವಿಸಿ ಮರವನ್ನು ಹತ್ತಿರ ತರುತ್ತದೆ, ಅಲ್ಲಿ ಹಕ್ಕಿ ಕಾಣುವುದಕ್ಕಿಂತ ಅದರ ದನಿಯೇ ಜಾಸ್ತಿ. ಉಳಿದ ಐದೈದು ಅಕ್ಷರ ಬೇರೊಬ್ಬ ಕವಿಯವು, ಇವನು ಕದ್ದ ಅನ್ನುವ ಆರೋಪ ಹಿಂದಿನಿಂದಲೂ ಇದೆ! ಸಾಂಗ್ ರಾಜವಂಶದ ಕಾಲದ ವಿದ್ವಾಂಸ ಯೆ ಮೆಂಗ್ದೆ ಮಾತ್ರ, ಸೊಗಸೆಲ್ಲ ಸೇರಿಸಿದ ಆ ಜೋಡಿ ಪದಗಳಲ್ಲೇ ಇದೆ ಅಂದ. ನನ್ನ ಓಟೂ ಅವನಿಗೇ.

ಇನ್ನೊಂದು ಪದ್ಯ 737ರಲ್ಲಿ ಅವನನ್ನು ಗಡಿಗೆ ಕಳಿಸಿದಾಗಿನದು. ‘ಮರಳುಗಾಡಲ್ಲಿ ಒಂಟಿ ಹೊಗೆ ನೆಟ್ಟಗೆ, ಉದ್ದ ನದಿಯ ಮೇಲೆ ಮುಳುಗುವ ಸೂರ್ಯ ದುಂಡಗೆ.’ ಮಕ್ಕಳೂ ಆಡುವ ಪದಗಳು, ಅಲ್ವಾ? ನಿಂತ ಗೆರೆ ಒಂದು, ಮಲಗಿದ ಗೆರೆ ಒಂದು, ನಡುವೆ ಒಂದು ವೃತ್ತ. ‘ಭವ್ಯ’, ‘ರಮಣೀಯ’ ಅಂತ ಒಂದು ಪದ ಸೇರಿಸಿದ್ದರೂ ಈ ಚಿತ್ರ ಕೆಡುತ್ತಿತ್ತು. ನಿಮ್ಮ ಅನುವಾದಕರು ಸೇರಿಸಿದ್ದಾರೆ, ಜೋಡಿ ಪದಗಳನ್ನು ಬಿಟ್ಟಿದ್ದಾರೆ. ಪತ್ರ ಬರೆದ ಓದುಗರಿಗೆ ಏನೂ ಸಿಗದೆ ಹೋದದ್ದು ಅದಕ್ಕೇ ಇರಬೇಕು. ‘ಥಳಥಳ’, ‘ಗವ್ವೆನ್ನುವ’ ಅಂತ ಮಾತಾಡುವ ಕನ್ನಡಕ್ಕೆ ಇಂಥ ಪದಗಳ ಬರವೇನಿಲ್ಲ.

ಮುಂದಿನ ಸಲ ಮೂಲದ ಸಾಲನ್ನೂ ಕನ್ನಡ ಲಿಪಿಯಲ್ಲಿ ಹಾಕಿ, ಕೆಳಗೆ ಪದಪದಕ್ಕೂ ಅರ್ಥ ಕೊಡಿ. ಜಾಗ ಸಾಲದಿದ್ದರೆ ಕವಿತೆ ಎರಡು ಕಮ್ಮಿಯಾದರೂ ಪರವಾಗಿಲ್ಲ.

— ಓದುಗ, ಮಂಡ್ಯ